ಗೋಡೆಯ ಮೇಲಿನ ಬಣ್ಣದ ಬಳೆಗಳು

ಹೊಸದುರ್ಗದ ನಮ್ಮ ಮನೆಯ ನಡುಮನೆಯ ಗೋಡೆಗೆ ನಾನು ನಾಲ್ಕು ಚಿತ್ರಗಳನ್ನು ತೂಗುಹಾಕಿದ ದಿನ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: "ಇವು ಎಷ್ಟು ದಿನ ಇರ್ತಾವೆ?" ಹೇಳದೆ ಕೇಳದೆ ಬಂದ ನೆಂಟರ ಬಗ್ಗೆ ಕೇಳುವ ಹಾಗಿತ್ತು ಆ ಧಾಟಿ. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬರುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾ ತಲೆಕೂದಲು ಬೆಳ್ಳಗಾಗಿಸಿಕೊಂಡವನಿಗೆ ಅಷ್ಟಾದರೂ ಹಕ್ಕಿದೆ ಎಂದುಕೊಂಡಿದ್ದೆ. ಈಗ ಆ ನಾಲ್ಕರಲ್ಲಿ ಮೂರನ್ನು ನಾನೇ ಇಳಿಸಿ ಮಂಚದ ಕೆಳಗೆ ಸೇರಿಸಿದ್ದೇನೆ. ಉಳಿದ ಒಂದನ್ನು ತೆಗೆಯಲು ನನ್ನ ಅಕ್ಕ ಬಿಡುತ್ತಿಲ್ಲ. ಅಕ್ಕನ ಕಣ್ಣು ಹೋದದ್ದಕ್ಕೂ ಆ ಚಿತ್ರಕ್ಕೂ ನನಗೂ ಸಂಬಂಧವಿದೆ.

ನಾಲ್ಕೂ ಹಳೆಯ ಕಾಲದ ವಿಜ್ಞಾನ ಪುಸ್ತಕಗಳ ಚಿತ್ರಗಳು. ಕ್ಯಾಮೆರಾಕ್ಕೆ ಇನ್ನೂ ಬಣ್ಣ ಗೊತ್ತಿಲ್ಲದಿದ್ದಾಗ, ಪರದೇಶದ ಪ್ರಯೋಗಶಾಲೆಗಳಲ್ಲಿ ಕಂಡದ್ದನ್ನು ಯಾರೋ ಪುಣ್ಯಾತ್ಮರು ಕೈಯಿಂದ ಬಿಡಿಸಿ, ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಕಲ್ಲಚ್ಚು ಮಾಡಿ ಮುದ್ರಿಸಿದ್ದರು. ವಿಷಯ ಬೆಳಕಿನ ಧ್ರುವೀಕರಣ. ಮಕ್ಕಳಿಗೆ ನಾನು ಹೇಳುವುದು ಹೀಗೆ: ಬೆಳಕು ತಾನು ಹೋಗುವ ದಾರಿಗೆ ಅಡ್ಡಲಾಗಿ ಎಲ್ಲ ದಿಕ್ಕಿಗೂ ನಡುಗುತ್ತಾ ಹೋಗುತ್ತದೆ. ಕೆಲವು ಹರಳುಗಳು ಅದನ್ನು ಸೋಸಿ ಒಂದು ದಿಕ್ಕಿನ ನಡುಕವನ್ನು ಮಾತ್ರ ಆಚೆಗೆ ಬಿಡುತ್ತವೆ. ಅಂಥ ಎರಡು ಹರಳುಗಳನ್ನು ಒಂದಕ್ಕೊಂದು ಅಡ್ಡ ಹಿಡಿದರೆ ಪೂರಾ ಕತ್ತಲೆ. ಆ ಕತ್ತಲೆಯ ನಡುವೆ ಇನ್ನೊಂದು ಹರಳಿನ ತೆಳು ಬಿಲ್ಲೆ ಇಟ್ಟರೆ, ಎಲ್ಲಿತ್ತೋ ಏನೋ ಎನ್ನುವಂತೆ ಬಣ್ಣ ಬರುತ್ತದೆ. ಅಕ್ಕ ತೆಗೆಯಲು ಬಿಡದ ಚಿತ್ರ ಅದರದ್ದೇ. ಒಂದರೊಳಗೊಂದು ಬಣ್ಣದ ಬಳೆಗಳು, ಅವುಗಳ ಮೇಲೆ ಅಡ್ಡಕ್ಕೂ ಉದ್ದಕ್ಕೂ ಹಾದ ಎರಡು ಕಪ್ಪು ಪಟ್ಟೆಗಳು. ಇಷ್ಟು ವರ್ಷ ಅದನ್ನು ಕಪ್ಪುಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಬರೆದು, "ಇಲ್ಲಿ ಬಣ್ಣ ಇದೆ ಅಂತ ತಿಳ್ಕೊಳ್ಳಿ" ಎಂದು ಹೇಳಿ ಹೇಳಿ ನನಗೇ ನಾಚಿಕೆಯಾಗಿತ್ತು.

ಹಳೆಯ ಪುಸ್ತಕಗಳನ್ನು ಪುಕ್ಕಟೆಯಾಗಿ ಇಟ್ಟಿರುವ ಜಾಲತಾಣವೊಂದರಲ್ಲಿ ಈ ಚಿತ್ರಗಳು ಸಿಕ್ಕಾಗ ಪೆನ್‌ಡ್ರೈವಿಗೆ ಹಾಕಿಕೊಂಡು ದುರ್ಗಕ್ಕೆ ಹೋದೆ. ಚಿತ್ರದುರ್ಗವನ್ನು ನಾವು ದುರ್ಗ ಎಂದೇ ಅನ್ನುವುದು. ಅಲ್ಲಿನ ಫ್ಲೆಕ್ಸ್ ಅಂಗಡಿಯವನು ಹುಟ್ಟುಹಬ್ಬದ ಬ್ಯಾನರು, ಗೃಹಪ್ರವೇಶದ ಬ್ಯಾನರು ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ಬಳೆಗಳ ಚಿತ್ರವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದ.

"ಸಾರ್, ಮೇಲ್ಗಡೆ ಯಾರ ಫೋಟೊ ಹಾಕಾಣ?"

"ಯಾರದ್ದೂ ಬೇಡ."

"ಶುಭ ಕೋರುವವರು ಅಂತ ಕೆಳಗೆ ಜಾಗ ಬಿಟ್ಟಿದೀನಿ. ಹೆಸ್ರು ಹೇಳ್ರಿ."

ಯಾರ ಶುಭವನ್ನೂ ಯಾರೂ ಕೋರುತ್ತಿಲ್ಲ ಎಂದು ಅವನಿಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಕೊನೆಗೆ ಒಳ್ಳೆಯ ಕಾಗದದ ಮೇಲೆಯೇ ಮುದ್ರಿಸಿಕೊಟ್ಟ. ಫ್ರೇಮು ಹಾಕುವವನು ದೇವರ ಪಟವೆಂದೇ ತಿಳಿದು ಬಂಗಾರದ ಬಣ್ಣದ ಕಟ್ಟು ಹಾಕಿದ, ಹೂವಿನ ಹಾರ ಸಿಕ್ಕಿಸಲು ಮೇಲೆ ಎರಡು ಮೊಳೆಯನ್ನೂ ಹೊಡೆದ. ಆಯುಧಪೂಜೆಯ ದಿನ ಮಿಕ್ಸಿಗೂ ಬೈಕಿಗೂ ಕುಂಕುಮ ಇಟ್ಟ ಮೇಲೆ ನನ್ನ ಹೆಂಡತಿ ಇವಕ್ಕೂ ಒಂದೊಂದು ಬೊಟ್ಟು ಇಟ್ಟಳು. ಓದಿ ಓದಿ ಮರುಳಾದ ಕೂಚಂಭಟ್ಟ ಎಂದು ನನ್ನನ್ನು ಛೇಡಿಸುವ ಅಭ್ಯಾಸ ಅವಳದ್ದು. ಮನೆಯಲ್ಲಿ ಆ ಚಿತ್ರಗಳನ್ನು ನಿಜವಾಗಿ ನಿಂತು ನೋಡಿದವಳು ಅಕ್ಕ ಒಬ್ಬಳೇ.

ಅಕ್ಕ ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನಮ್ಮದು ಹಿರಿಯೂರು ತಾಲ್ಲೂಕು, ಜವನಗೊಂಡನಹಳ್ಳಿ ಕಡೆಯ ಕುರಿ ಸಾಕುವ ಮನೆ. ಅಪ್ಪ ಅವ್ವ ಕುರಿಗಳ ಹಿಂದೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಅಕ್ಕ ನಾಲ್ಕನೇ ಕ್ಲಾಸಿನವರೆಗೆ ಶಾಲೆಗೆ ಹೋದಳು. ಆಮೇಲೆ ಶಾಲೆ ಬಿಟ್ಟಳು, ನನ್ನನ್ನು ಬಿಡಲಿಲ್ಲ. ಮದುವೆಯಾಗಿ, ಮಕ್ಕಳಾಗದೆ, ಗಂಡ ತೀರಿಕೊಂಡ ಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ. ಬರುವಾಗ ಒಂದು ಟ್ರಂಕು, ಒಂದು ರಾಟೆ ತಂದಳು. ಊರಲ್ಲಿ ಕುರಿಗಳ ತುಪ್ಪಟ ಕತ್ತರಿಸಿದಾಗ ಒಂದು ಚೀಲ ನಮ್ಮ ಮನೆಗೂ ಬರುತ್ತದೆ. ಅಕ್ಕ ಆ ಕರಿ ಉಣ್ಣೆಯನ್ನು ಹಿಂಜಿ, ಉದ್ದ ಸುರುಳಿಯಾಗಿ ಹಂಜಿ ಮಾಡಿ, ನೂತು ಕಳಿಸುತ್ತಾಳೆ. ಊರಲ್ಲಿ ಅದು ಕಂಬಳಿಯಾಗುತ್ತದೆ.

ನಮ್ಮ ಹೆಂಗಸರು ನೂಲುವುದು ಬೆರಳಿನಿಂದ. ಹಂಜಿಯನ್ನು ಎಳೆಯುವಾಗ ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಎಂಬುದನ್ನು ಹೆಬ್ಬೆರಳು ಹೇಳಬೇಕು, ಕಣ್ಣಲ್ಲ. ನೂಲಿನ ಕಡೆ ನೋಡುತ್ತಾ ನೂಲುವವಳನ್ನು ಇನ್ನೂ ಕಲಿಯುವವಳು ಎಂದೇ ಲೆಕ್ಕ. ಅಕ್ಕನ ಕೈ ನೋಡಿದವರೆಲ್ಲ, "ಕಣ್ಣು ಕಟ್ಟಿ ಬಿಟ್ರೂ ನೂಲ್ತಾಳೆ" ಎಂದು ಹೊಗಳುತ್ತಿದ್ದರು. ನಾನೂ ಹೊಗಳಿದ್ದೇನೆ. ಆ ಹೊಗಳಿಕೆ ನಮಗೆಲ್ಲ ಹೇಗೆ ಮೋಸ ಮಾಡಿತು ಎಂದು ಆಮೇಲೆ ತಿಳಿಯಿತು. ಕಣ್ಣು ಹೋಗುತ್ತಿದ್ದರೂ ಅವಳ ಕೆಲಸ ಒಂದು ದಿನವೂ ಕೆಡಲಿಲ್ಲ.

ಚಿತ್ರ ತೂಗುಹಾಕಿದ ಆರೇಳು ತಿಂಗಳ ಮೇಲೆ, ಬೇಸಿಗೆಯ ಒಂದು ಸಂಜೆ. ಮುಸ್ಸಂಜೆ ಹೊತ್ತಿಗೆ ನಡುಮನೆಯ ಬಲ್ಬು ಹಾಕಿದೆ. ಅಕ್ಕ ರಾಟೆ ನಿಲ್ಲಿಸಿ, ಬಲ್ಬನ್ನು ನೋಡಿದಳು, ಎದ್ದು ಬಂದು ಬಳೆಗಳ ಚಿತ್ರ ನೋಡಿದಳು.

"ಇದು ನಂಗೆ ಗೊತ್ತಪ್ಪ. ಬಲ್ಬಿನ ಸುತ್ತ ಹಿಂಗೇ ಕಾಣ್ತೈತೆ."

ನನಗಾದ ಸಂತೋಷ ಎಷ್ಟೆಂದು ಹೇಳಲಿ. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ತಾನಾಗಿ ಬಂದು, ನಾನೂ ಇದನ್ನು ಕಂಡಿದ್ದೇನೆ ಎಂದಿರಲಿಲ್ಲ. ಕುರ್ಚಿ ಎಳೆದು ಅವಳನ್ನು ಕೂರಿಸಿದೆ.

"ಒಳಗಡೆ ಯಾವ ಬಣ್ಣ ಐತೆ ಹೇಳು."

ಬಲ್ಬನ್ನು ನೋಡಿ ಹೇಳಿದಳು: "ಒಳಗೆ ನೀಲಿ. ಆಚೆಗೆ ಕೆಂಪು."

"ಈ ಚಿತ್ರದಾಗೆ ಇರೋ ಹಂಗೆ ಕರಿ ಪಟ್ಟೆ ಅವೇನು?"

"ಇಲ್ಲ. ಬರೀ ಬಳೆ."

ಇಲ್ಲಿ ನಾನು ಮೇಷ್ಟ್ರಾದೆ. ಕರಿ ಪಟ್ಟೆ ಇಲ್ಲದ ಮೇಲೆ ಅದು ಧ್ರುವೀಕರಣವಲ್ಲ ಅಕ್ಕ, ಅದು ವಿವರ್ತನೆ, ಅದೇ ಬೇರೆ, ಇದೇ ಬೇರೆ ಎಂದು ಶುರುಮಾಡಿದೆ. ಬೆಳಕಿನ ದಾರಿಯಲ್ಲಿ ಸಣ್ಣ ಸಣ್ಣ ನೀರಿನ ಹನಿಗಳಿದ್ದರೆ, ಮಂಜು ಕವಿದಿದ್ದರೆ, ದೀಪದ ಸುತ್ತ ಹೀಗೆ ಬಣ್ಣದ ಬಳೆ ಕಾಣುತ್ತದೆ, ಒಳಗೆ ನೀಲಿ ಹೊರಗೆ ಕೆಂಪು, ನೀನು ಹೇಳಿದ್ದು ಸರಿಯಾಗಿಯೇ ಇದೆ ಎಂದೆ. ಕಾಗದ ತೆಗೆದುಕೊಂಡು ಬರೆದು ತೋರಿಸಿದೆ. ಅರ್ಧ ಗಂಟೆ ಪಾಠ ಮಾಡಿರಬೇಕು. ಅವಳು ಕೆನ್ನೆಗೆ ಕೈ ಕೊಟ್ಟು ಕೇಳಿದಳು. ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿದಳು.

"ಈ ಬೇಸ್ಗೆಲಿ ಮಂಜು ಎಲ್ಲೈತಪ್ಪ?"

ಹೊಸದುರ್ಗದ ಏಪ್ರಿಲ್ ತಿಂಗಳು. ತುಳಸಿಕಟ್ಟೆಗೆ ಬೆಳಿಗ್ಗೆ ಹಾಕಿದ ನೀರು ಹತ್ತು ಗಂಟೆಗೆ ಗುರುತೂ ಉಳಿಯದ ಹಾಗೆ ಆರುವ ಕಾಲ. ಅದೇ ಬಲ್ಬನ್ನು ನಾನೂ ನೋಡುತ್ತಿದ್ದೆ, ನನಗೆ ಯಾವ ಬಳೆಯೂ ಕಾಣುತ್ತಿರಲಿಲ್ಲ. ಅವಳಿಗೆ ಕಂಡು ನನಗೆ ಕಾಣದಿದ್ದರೆ ಆ ನೀರು ಗಾಳಿಯಲ್ಲಿರಲು ಸಾಧ್ಯವಿಲ್ಲ, ಅವಳ ಕಣ್ಣಲ್ಲೇ ಇರಬೇಕು. ಇಷ್ಟು ಯೋಚಿಸುವುದಕ್ಕೆ ಭೌತಶಾಸ್ತ್ರವೂ ಬೇಕಿರಲಿಲ್ಲ, ಆದರೂ ಅವತ್ತು ನಾನು ಯೋಚಿಸಲಿಲ್ಲ. ಉತ್ತರ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ನನ್ನ ಜಾಯಮಾನದಲ್ಲಿ ಇಲ್ಲ. "ಕಣ್ಣಿಗೆ ಕಾಣದಷ್ಟು ಇರ್ತೈತೆ ಅಕ್ಕ. ಇಲ್ಲಾಂದ್ರೆ ಧೂಳು" ಎಂದುಬಿಟ್ಟೆ. ಅವಳು "ಹಂಗಾ" ಎಂದು ಎದ್ದು ಹೋಗಿ ಮತ್ತೆ ರಾಟೆಯ ಮುಂದೆ ಕುಳಿತಳು.

ಕಾಲೇಜು ಶುರುವಾದ ಮೇಲೆ ತರಗತಿಯಲ್ಲಿ ಇದನ್ನೇ ಹೇಳಿಕೊಂಡು ಮೆರೆದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನಮ್ಮಕ್ಕ ಬಲ್ಬು ನೋಡಿ ಬಣ್ಣದ ಕ್ರಮ ಹೇಳ್ತಾಳೆ, ನಿಮಗೆ ಪುಸ್ತಕ ನೋಡಿ ಹೇಳಕ್ಕೆ ಬರಲ್ಲ ಎಂದು ಬೈದೆ. ಮಕ್ಕಳು ತಲೆ ತಗ್ಗಿಸಿ ಕುಳಿತಿದ್ದರು.

ಆ ವರ್ಷವೇ ಅಕ್ಕನಿಗೆ ತಲೆನೋವು ಶುರುವಾಯಿತು. ಸಂಜೆ ಹೊತ್ತು, ಹುಬ್ಬಿನ ಮೇಲೆ. ಒಂದೆರಡು ಸಲ ವಾಂತಿಯೂ ಆಯಿತು. ಪಿತ್ತ ಏರಿದೆ ಎಂದು ಹೆಂಡತಿ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಅಕ್ಕ ನೆತ್ತಿಗೆ ಹರಳೆಣ್ಣೆ ಒತ್ತಿಕೊಂಡು ಮಲಗಿದಳು. ಬೆಳಿಗ್ಗೆ ಎದ್ದರೆ ಏನೂ ಇಲ್ಲ, ನೋವೂ ಇಲ್ಲ, ಬಳೆಯೂ ಇಲ್ಲ. ಹರಳೆಣ್ಣೆಗೆ ಒಳ್ಳೆಯ ಹೆಸರು ಬಂತು.

ಆಮೇಲೆ ಅವಳು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಮೊಣಕೈಯಿಂದ ಚೆಲ್ಲುತ್ತಿದ್ದಳು. ಎದುರಿಗೆ ಇದ್ದದ್ದು ಕಾಣುತ್ತಿತ್ತು, ಪಕ್ಕದ್ದು ಕಾಣುತ್ತಿರಲಿಲ್ಲ. ನಮಗೆ ಅದು ತಿಳಿಯಲಿಲ್ಲ, ಅವಳಿಗೂ ತಿಳಿಯಲಿಲ್ಲ. ಒಂದು ದಿನ ನನ್ನ ಉತ್ತರಪತ್ರಿಕೆಗಳ ಮೇಲೆ ಕಾಫಿ ಬಿದ್ದಾಗ, "ನೋಡ್ಕೊಂಡು ಓಡಾಡಕ್ಕೆ ಏನಾಗೈತೆ ನಿಂಗೆ" ಎಂದು ಕೂಗಾಡಿದೆ. ನನ್ನನ್ನು ಹೊತ್ತು ಸಾಕಿದವಳು ಸೆರಗಿನಿಂದ ನೆಲ ಒರೆಸುತ್ತಾ, "ವಯಸ್ಸಾತಲ್ಲಪ್ಪ" ಎಂದಳು. ಆ ದಿನ ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಊರಿನಿಂದ ಉಣ್ಣೆ ಚೀಲ ತಂದ ನೆಂಟರು ಅವಳು ನಡೆಯುವುದನ್ನು ನೋಡಿ ಪೊರೆ ಬಂದಿದೆ ಎಂದು ತೀರ್ಪು ಕೊಟ್ಟರು. ಪೊರೆ ಎಂದರೆ ನಮ್ಮ ಕಡೆ ಯಾರೂ ಗಾಬರಿ ಬೀಳುವುದಿಲ್ಲ. ಅದು ಮಾವಿನಕಾಯಿಯ ಹಾಗೆ, ಹಣ್ಣಾಗುವವರೆಗೆ ಕಾಯಬೇಕು, ಕಾಯಿ ಇದ್ದಾಗ ಕುಯ್ಯಿಸಬಾರದು, ಹಣ್ಣಾದ ಮೇಲೆ ತೆಗೆಸಿದರೆ ಕಣ್ಣು ಹೊಸದಾಗುತ್ತದೆ ಎಂಬುದು ನಮ್ಮ ಹಿರಿಯರ ಕಾಲದಿಂದ ಬಂದ ನಂಬಿಕೆ. ಹಣ್ಣಾಗಲಿ ಎಂದು ಅಕ್ಕ ಅಂದಳು, ಹೆಂಡತಿ ಅಂದಳು, ಬೆಳಕಿನ ಪಾಠ ಮಾಡುವ ನಾನೂ ಅಂದೆ. ಹೀಗೆ ಅದು ಹಣ್ಣಾಗುವುದನ್ನು ಕಾಯುತ್ತಾ ಇನ್ನೊಂದು ವರ್ಷ ಕಳೆದೆವು.

ಕೊನೆಗೆ ದುರ್ಗದ ಕಣ್ಣಾಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಪೊರೆ ತೆಗೆಸುವುದು ತಾನೇ ಎಂದು ಎರಡು ಸೀರೆ, ಟವೆಲು ಚೀಲದಲ್ಲಿಟ್ಟುಕೊಂಡೇ ಹೋಗಿದ್ದೆವು. ಡಾಕ್ಟರು ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹೆಣ್ಣುಮಗಳು. ಬಹಳ ಹೊತ್ತು ಅಕ್ಕನ ಕಣ್ಣುಗಳನ್ನು ನೋಡಿದರು, ಒತ್ತಡ ಅಳೆದರು, ಒಂದು ಯಂತ್ರದ ಮುಂದೆ ಕೂರಿಸಿ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಅಕ್ಕ ಗುಂಡಿ ಒತ್ತಿದ್ದು ಬಹಳ ಕಡಿಮೆ. ಚುಕ್ಕೆಗಳು ಬರುತ್ತಲೇ ಇದ್ದವು ಎಂದು ಆಮೇಲೆ ಗೊತ್ತಾಯಿತು.

"ಅಮ್ಮ, ದೀಪದ ಸುತ್ತ ಯಾವಾಗಾದ್ರೂ ಬಣ್ಣದ ಬಳೆ ಕಾಣ್ತಿತ್ತಾ?" ಎಂದು ಡಾಕ್ಟರು ಕೇಳಿದರು.

ಅಕ್ಕನ ಮುಖ ಅರಳಿತು. ಆಸ್ಪತ್ರೆಗೆ ಬಂದಾಗಿನಿಂದ ಅವಳಿಗೆ ಉತ್ತರ ಗೊತ್ತಿದ್ದ ಮೊದಲ ಪ್ರಶ್ನೆ ಅದು.

"ಕಾಣ್ತಿತ್ತು ಕಣಮ್ಮ. ಒಳಗೆ ನೀಲಿ, ಆಚೆಗೆ ಕೆಂಪು. ಎರಡು ವರ್ಷದ ಮೇಲಾತು. ನನ್ನ ತಮ್ಮಂಗೆ ಅವತ್ತೇ ಹೇಳಿದ್ದೆ, ಅವ್ನು ಮೇಷ್ಟ್ರು, ಎಲ್ಲಾ ಬಿಡ್ಸಿ ಹೇಳಿದ."

ಡಾಕ್ಟರು ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎದುರುತ್ತರ ಕೊಡುವುದು ನನಗೆ ಬರುತ್ತದೆ. ಅವರು ಅಕ್ಕನನ್ನು ಹೊರಗೆ ಕೂರಿಸಿ ಬಂದು ನಿಧಾನವಾಗಿ ತಿಳಿಸಿದರು. ಇದು ಪೊರೆ ಅಲ್ಲ, ಗ್ಲಾಕೋಮಾ. ಕಣ್ಣೊಳಗಿನ ನೀರು ಹರಿದುಹೋಗುವ ದಾರಿ ಆಗಾಗ ಕಟ್ಟಿಕೊಂಡು ಒತ್ತಡ ಏರುತ್ತಿತ್ತು. ಏರಿದಾಗಲೆಲ್ಲ ಕಣ್ಣಿನ ಮುಂಭಾಗದಲ್ಲಿ ನೀರು ತುಂಬಿ ಮಸುಕಾಗಿ ಬಳೆ ಕಾಣಿಸಿದೆ, ತಲೆ ನೋಯಿಸಿದೆ. ಒಳಗಿನ ನರ ಸ್ವಲ್ಪ ಸ್ವಲ್ಪವೇ ಸತ್ತಿದೆ. ಬಲಗಣ್ಣಿನಲ್ಲಿ ಏನೂ ಉಳಿದಿಲ್ಲ, ಎಡಗಣ್ಣಿನಲ್ಲಿ ನಡುವೆ ಒಂದು ಬಿಲ್ಲೆಯಷ್ಟು ಉಳಿದಿದೆ. ಬಳೆ ಕಂಡ ಹೊಸದರಲ್ಲಿ ಬಂದಿದ್ದರೆ ಐದು ನಿಮಿಷದ ಲೇಸರ್ ಕೆಲಸ ಎಂದರು.

"ಈಗ?" ಎಂದೆ.

"ಲೇಸರ್ ಈಗಲೂ ಮಾಡ್ತೀವಿ ಸಾರ್, ಡ್ರಾಪ್ಸು ಕೊಡ್ತೀವಿ. ಉಳಿದಿರೋದನ್ನ ಉಳಿಸ್ಕೊಳ್ಳಕ್ಕೆ ನೋಡೋಣ. ಹೋಗಿದ್ದು ಬರಲ್ಲ."

ಪರೀಕ್ಷೆಯಲ್ಲಿ ಫೇಲಾದವರ ತಂದೆತಾಯಿಗಳು ನನ್ನ ಮುಂದೆ ನಿಂತು, ಏನಾದರೂ ದಾರಿ ಇದೆಯಾ ಸಾರ್ ಎಂದು ಎಷ್ಟೋ ಸಲ ಕೇಳಿದ್ದಾರೆ. ಅದೇ ಮಾತನ್ನು ನಾನು ಅವತ್ತು ಮೂರು ಸಲ ಕೇಳಿದೆ. ಅವರು ಮೂರು ಸಲವೂ ಇಲ್ಲ ಎಂದರು.

ಲೇಸರ್ ಮುಗಿಸಿಕೊಂಡು ವಾಪಸು ಬರುವಾಗ ಹೊಳಲ್ಕೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಮಂಡಕ್ಕಿ ಕೊಡಿಸಿದೆ. ಅಕ್ಕ ಪೊಟ್ಟಣವನ್ನು ಮುಖದ ನೇರಕ್ಕೆ ಹಿಡಿದು, ಹುಡುಕಿ ಹುಡುಕಿ ತಿಂದಳು.

"ಪೊರೆ ಅಲ್ಲ ಅಂದ್ರಲ್ಲ, ಒಳ್ಳೇದೇ ಆತು ಬಿಡು. ಕುಯ್ಯೋದು ತಪ್ತು. ಬಳೆನೂ ಇನ್ಮೇಲೆ ಕಾಣಲ್ಲಂತೆ. ಕಣ್ಣು ಯಾವಾಗ ಸರಿ ಹೋಗ್ತೈತೆ ಅಂದ್ರು?"

ನಾನು ಮಂಡಕ್ಕಿ ಮಾರುವವನನ್ನು ಕೂಗಿ, ಬೇಕಿಲ್ಲದಿದ್ದರೂ ಇನ್ನೊಂದು ಪೊಟ್ಟಣ ತೆಗೆದುಕೊಂಡೆ. ಡ್ರಾಪ್ಸು ಬಿಡ್ತಾ ಇರ್ಬೇಕಂತೆ ಎಂದೆ. ಎಷ್ಟು ದಿನ ಎಂದಳು. ಬಹಳ ದಿನ ಎಂದೆ. ಅಷ್ಟರಲ್ಲಿ ಕಂಡಕ್ಟರ್ ರೈಟ್ ಎಂದ, ಬಸ್ಸು ಹೊರಟಿತು.

ಮಾರನೆಯ ದಿನ ನಾಲ್ಕೂ ಚಿತ್ರಗಳನ್ನು ಇಳಿಸಿದೆ. ಅವನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಉಳಿದ ಚೂರು ಕಣ್ಣಿನಲ್ಲೇ ಅಕ್ಕ ಗೋಡೆ ಬರಿದಾದದ್ದನ್ನು ಕಂಡುಹಿಡಿದಳು. "ಲೇ, ಬಳೇದು ಎಲ್ಲೋ? ಅದೊಂದು ಇರ್ಲಿ, ಹಾಕು" ಎಂದು ಹಟ ಹಿಡಿದಳು. ಹಾಕಿದೆ. ಈಗ ಅವಳನ್ನು ಮಾತಾಡಿಸಲು ಬಂದವರಿಗೆಲ್ಲ ಅದನ್ನು ತೋರಿಸುತ್ತಾಳೆ. ಕಣ್ಣು ಹೋಗೋಕ್ಕೆ ಮುಂಚೆ ನಂಗೆ ಹಿಂಗೆ ಕಾಣ್ತಿತ್ತು, ಡಾಕ್ಟರು ಕೇಳಿದ್ದೂ ಅದನ್ನೇ, ನನ್ನ ತಮ್ಮಂಗೆ ಅದು ಮೊದ್ಲೇ ಗೊತ್ತಿತ್ತು ಎನ್ನುತ್ತಾಳೆ. ಬಂದವರು ನನ್ನನ್ನು ಮೆಚ್ಚುಗೆಯಿಂದ ನೋಡುತ್ತಾರೆ. ಗೊತ್ತಿತ್ತು ಎಂಬ ಮಾತು ಪ್ರತಿ ಸಲವೂ ನನಗೆ ಈಟಿಯ ಹಾಗೆ ಚುಚ್ಚುತ್ತದೆ, ಹಲ್ಲು ಕಚ್ಚಿಕೊಂಡು ಕಾಫಿ ತರುವ ನೆಪದಲ್ಲಿ ಒಳಗೆ ಹೋಗುತ್ತೇನೆ.

ಹೀಗೆ ಐದಾರು ತಿಂಗಳು ತಾಳಿಕೊಂಡೆ. ಕಳೆದ ತಿಂಗಳು ಒಂದು ಮಧ್ಯಾಹ್ನ, ಹೆಂಡತಿ ಸಂತೆಗೆ ಹೋಗಿದ್ದಾಗ, ಅಕ್ಕನ ಕಣ್ಣಿಗೆ ಡ್ರಾಪ್ಸು ಬಿಟ್ಟು ಅವಳ ಮುಂದೆ ನೆಲದ ಮೇಲೆ ಕುಳಿತೆ. ಎಲ್ಲವನ್ನೂ ಹೇಳಿದೆ. ಹೋದ ಕಣ್ಣು ಬರುವುದಿಲ್ಲ ಎಂದೆ. ಬಳೆ ಕಾಣುತ್ತದೆ ಎಂದು ನೀನು ಹೇಳಿದ ಸಂಜೆಯೇ ಆಸ್ಪತ್ರೆಗೆ ಹೋಗಬೇಕಿತ್ತು, ಮಂಜು ಎಲ್ಲಿದೆ ಎಂದು ನೀನು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದೆ, ನಾನು ಪಾಠ ಮಾಡಿ ನಿನ್ನ ಬಾಯಿ ಮುಚ್ಚಿಸಿದೆ, ನಿನ್ನ ಕಣ್ಣು ನನ್ನಿಂದ ಹೋಯಿತು ಎಂದೆ. ಹೇಳುತ್ತಾ ಅತ್ತುಬಿಟ್ಟೆ.

ಅಕ್ಕ ರಾಟೆ ನಿಲ್ಲಿಸಿ ಕೇಳಿದಳು. ಮುಚ್ಚಿದ ಕಣ್ಣಿಂದ ಡ್ರಾಪ್ಸು ಕೆನ್ನೆಗೆ ಇಳಿಯಿತು. ಅದು ಡ್ರಾಪ್ಸೋ ಬೇರೆಯೋ ನನಗೆ ತಿಳಿಯಲಿಲ್ಲ.

"ಬರಲ್ಲಾ?" ಎಂದಳು.

"ಬರಲ್ಲ ಅಕ್ಕ."

ಒಮ್ಮೆ ಬೈಯಲಿ ಎಂದು ಕಾದೆ. ಬೈದರೆ ಅದನ್ನು ಹಿಡಿದುಕೊಂಡಾದರೂ ಬದುಕಬಹುದಿತ್ತು. ಅವಳು ಕೈ ಚಾಚಿ, ಗಾಳಿಯಲ್ಲಿ ತಡಕಾಡಿ, ನನ್ನ ತಲೆ ಸಿಕ್ಕ ಮೇಲೆ ಅದರ ಮೇಲೆ ಕೈ ಇಟ್ಟಳು.

"ಆ ಡಾಕ್ಟರಮ್ಮ ನಿನ್ನ ನೋಡಿದಾಗ್ಲೇ ನಂಗೆ ಏನೋ ಅನ್ಸಿತ್ತು. ಈ ಮಾತು ಯಾರ ಹತ್ರನೂ ಆಡ್ಬೇಡ. ನಿನ್ನ ಹೆಂಡ್ತಿ ಹತ್ರನೂ ಆಡ್ಬೇಡ. ಮೇಷ್ಟ್ರು ಅಂತ ನಾಕು ಜನ ಮರ್ವಾದಿ ಕೊಡ್ತಾರೆ. ಬಂದೋರ ಹತ್ರ ನಾನು ಹೆಂಗೆ ಹೇಳ್ತಾ ಇದೀನೋ ಹಂಗೇ ಹೇಳ್ತೀನಿ."

ಅಂದ ಹಾಗೆಯೇ ನಡೆದುಕೊಳ್ಳುತ್ತಿದ್ದಾಳೆ. ಮೊನ್ನೆ ಶ್ರೀರಾಂಪುರದಿಂದ ಬಂದ ನೆಂಟರಿಗೂ ಚಿತ್ರ ತೋರಿಸಿ, ನನ್ನ ತಮ್ಮಂಗೆ ಮೊದ್ಲೇ ಗೊತ್ತಿತ್ತು ಎಂದಳು. ಈಗ ಅವಳಿಗೂ ನಿಜ ತಿಳಿದಿದೆ, ಆದರೂ ಹೇಳುತ್ತಾಳೆ, ನಾನೂ ಒಳಗೆ ಹೋಗದೆ ಕುಳಿತು ಕೇಳುತ್ತೇನೆ. ಯಾರ ಹತ್ತಿರವೂ ಆಡಬೇಡ ಎಂದವಳ ಮಾತು ಮೀರಿ ಇದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಅವಳ ಹೆಸರನ್ನೂ ಬರೆದಿಲ್ಲ, ನನ್ನದನ್ನೂ ಬರೆದಿಲ್ಲ. ಅಕ್ಕ ಪಕ್ಕದ ಕೋಣೆಯಲ್ಲಿ ನೂಲುತ್ತಿದ್ದಾಳೆ. ಅವಳು ಇದನ್ನು ಓದಲಾರಳು ಎಂಬ ಧೈರ್ಯದ ಮೇಲೆಯೇ ಬರೆದಿದ್ದೇನೆ.